ಸ್ಟ್ರೆಚರ್ ಯಾರಿಗೆ

ಶಾಗ್ಯದ ಕೆಂಪನಂಜಪ್ಪನವರ ಮನೆಯ ಅಂಗಳ ಹಿತ್ತಿಲ ಗೋಡೆಯ ಕಡೆಗೆ ತುಸು ಇಳಿಜಾರು. ಮಳೆನೀರು ನಿಲ್ಲದೆ ಹರಿದುಹೋಗಲಿ ಎಂದು ಅವರೇ ಮಣ್ಣು ಹೊಡೆಸಿ ಹಾಗೆ ಮಾಡಿಸಿದ್ದರು. ಅವತ್ತು ಬೆಳಿಗ್ಗೆ ಮುಸುಕಿನ ಜೋಳದ ಮೂಟೆ ಹೊತ್ತ ಟ್ರೈಲರ್ ಆ ಅಂಗಳದಲ್ಲಿ ನಿಂತಿತ್ತು. ಅರ್ಧಕ್ಕರ್ಧ ಮೂಟೆ ಇಳಿಸಿ ಆಗಿತ್ತು. ಅಷ್ಟರಲ್ಲಿ ಟ್ರ್ಯಾಕ್ಟರ್ ಬೇಕೆಂದು ಯಾರೋ ಕೇಳಿಕೊಂಡು ಬಂದರು. ಮಗ ಬಸವಕುಮಾರ ಟ್ರೈಲರಿನ ಚಕ್ರಕ್ಕೊಂದು ಕಲ್ಲು ಕೊಟ್ಟು ಕೊಂಡಿ ಕಳಚಿದ. ಟ್ರ್ಯಾಕ್ಟರ್ ಮುಂದಕ್ಕೆ ಹೋಯಿತು. ಕಲ್ಲು ಜಾರಿತು.

ಟ್ರೈಲರ್ ಹಿಂದಕ್ಕೆ ಉರುಳತೊಡಗಿದ್ದನ್ನು ಕಂಡು ಬಸವಕುಮಾರ ಟ್ರ್ಯಾಕ್ಟರಿನಿಂದ ಜಿಗಿದು ಓಡಿಬಂದು ಅದರ ಮೂತಿಯನ್ನು ಹಿಡಿದು ತಡೆಯಲು ನೋಡಿದ. ಅದು ಅವನನ್ನೇ ಎಳೆದುಕೊಂಡು ಹೋಗಿ ಪಕ್ಕಕ್ಕೆ ಬಿಸಾಡಿತು. ಬೀಳುವಾಗ ಟ್ರೈಲರಿನ ಪಕ್ಕದ ಹರಿದ ತಗಡು ಅವನ ಎಡ ಮುಂಗೈಯನ್ನು ಮಣಿಕಟ್ಟಿನಿಂದ ಮೊಣಕೈವರೆಗೆ ಸೀಳಿತು. ಟ್ರೈಲರ್ ಹೋಗಿ ಹಿತ್ತಿಲ ಗೋಡೆಗೆ ದಡಾರನೆ ಗುದ್ದಿ ನಿಂತಿತು.

ಸದ್ದು ಕೇಳಿ ಅಡುಗೆಮನೆಯಿಂದ ಹೊರಬಂದ ಶೃತಿಗೆ ಮೊದಲು ಕಂಡದ್ದು ಗಂಡನ ರಕ್ತ. ಅದು ಹರಿಯುತ್ತಿರಲಿಲ್ಲ, ಎದೆ ಬಡಿದ ಹಾಗೆ ಬಿಟ್ಟು ಬಿಟ್ಟು ಚಿಮ್ಮುತ್ತಿತ್ತು. ಅವಳು ಕೂಗಲಿಲ್ಲ. ತಂತಿಯ ಮೇಲೆ ಒಣಹಾಕಿದ್ದ ಟವೆಲ್ಲನ್ನು ಸೆಳೆದು, ಮಡಿಸಿ, ಅವನ ಕೈಗೆ ಒತ್ತಿ ಹಿಡಿದು ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟಳು. ಟವೆಲ್ ಒದ್ದೆಯಾಯಿತು. ಅದರ ಮೇಲೆ ಇನ್ನೊಂದು ಬಟ್ಟೆ ಇಟ್ಟು ಇನ್ನೂ ಬಲವಾಗಿ ಒತ್ತಿದಳು. ಮಾವ ಕೆಂಪನಂಜಪ್ಪ ನೂರೆಂಟಕ್ಕೆ ಫೋನ್ ಮಾಡುತ್ತಿದ್ದರು. ನೆರೆಹೊರೆಯವರೆಲ್ಲ ಬಂದು ಸುತ್ತ ನಿಂತರು. ಒಬ್ಬರು ಅರಿಸಿನ ತನ್ನಿ ಎಂದರು, ಇನ್ನೊಬ್ಬರು ಕಾಫಿಪುಡಿ ಎಂದರು.

"ಯಾರೂ ಏನೂ ಆಕ್ಬೇಡಿ. ಒತ್ತಿ ಇಡ್ಕಂಡಿದ್ದೀನಲ್ಲ," ಎಂದಳು ಶೃತಿ. ಅವಳ ದನಿ ಅವಳಿಗೇ ಯಾರದೋ ದನಿಯ ಹಾಗೆ ಕೇಳಿಸಿತು.

ಶೃತಿಯ ಅತ್ತೆ ಗುರುಬಸಮ್ಮ ಎಲ್ಲಿ ಎಂದು ಯಾರೂ ಕೇಳಲಿಲ್ಲ. ಅತ್ತೆ ಟ್ರೈಲರಿನ ಹಿಂದೆ ಚೆಲ್ಲಿದ್ದ ಕಾಳು ಗುಡಿಸುತ್ತಿದ್ದರೆಂಬುದು ಆ ಗಳಿಗೆಯಲ್ಲಿ ಶೃತಿಯ ತಲೆಗೇ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಅವರು ಟ್ರೈಲರಿನ ಮರೆಯಿಂದ ಗೋಡೆ ಹಿಡಿದುಕೊಂಡು ಬಂದರು. ಸೆರಗು ಕೊಡವುತ್ತ, ನಿಧಾನಕ್ಕೆ ಕಾಲೆಳೆಯುತ್ತ ಬಂದು ಜಗಲಿಯ ಮೇಲೆ ಕೂತರು.

"ನಿಂಗೇನಾರ ತಾಕ್ತಾ?" ಎಂದು ಕೆಂಪನಂಜಪ್ಪ ಫೋನ್ ಕಿವಿಗಿಟ್ಟುಕೊಂಡೇ ಕೇಳಿದರು.

"ನಂಗೇನೂ ಆಗಿಲ್ಲ. ಒಸಿ ತಳ್ಳುಸ್ಕಂಡೆ ಅಷ್ಟೆ. ಮೊದ್ಲು ಅವುನ್ನ ನೋಡಿ," ಎಂದರು ಗುರುಬಸಮ್ಮ.

ಎಲ್ಲರೂ ಅವನನ್ನೇ ನೋಡಿದರು. ನೋಡುವಂತೆಯೇ ಇತ್ತು. ಅಂಗಳದ ಮಣ್ಣೆಲ್ಲ ಕೆಂಪಾಗಿತ್ತು.

ಆಂಬುಲೆನ್ಸ್ ಹನೂರಿನಿಂದ ಬರಬೇಕಿತ್ತು. ಕಾಯುವ ಆ ಹೊತ್ತಿನಲ್ಲಿ ಶೃತಿಯ ಬೆರಳುಗಳು ಮರಗಟ್ಟಿದವು. ಒತ್ತುವುದನ್ನು ಬಿಟ್ಟರೆ ಏನಾದೀತೋ ಎಂಬ ಭಯಕ್ಕೆ ಅವಳು ಕೈ ಬದಲಿಸಲೂ ಇಲ್ಲ. ಬಸವಕುಮಾರ ಕಣ್ಣು ಮುಚ್ಚಿ ಹಲ್ಲು ಕಚ್ಚಿಕೊಂಡಿದ್ದ. ನಡುವೆ ಜಗಲಿಯ ಕಡೆಯಿಂದ ಅತ್ತೆಯ ದನಿ ಕೇಳಿತು: "ಒಂಚೂರು ನೀರು ಕೊಡ್ರವ್ವ." ಪಕ್ಕದ ಮನೆಯ ಗೋವಿಂದಮ್ಮ ಚೊಂಬಿನಲ್ಲಿ ತಂದುಕೊಟ್ಟರು. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ದನಿ ನೀರು ಕೇಳಿತು.

ಶೃತಿ ಅತ್ತ ತಿರುಗಿ ನೋಡಿದಳು. ಜಗಲಿಯಲ್ಲಿ ಒಳ್ಳೆಯ ನೆರಳಿತ್ತು, ತಂಗಾಳಿಯೂ ಇತ್ತು. ಆದರೂ ಗುರುಬಸಮ್ಮನ ಹಣೆ, ಮೇಲ್ದುಟಿ ಬೆವರಿನಿಂದ ಹೊಳೆಯುತ್ತಿದ್ದವು. ಅವರು ಆಕಳಿಸಿದರು. ಮಗನ ರಕ್ತ ನೋಡುತ್ತ ಕೂತ ತಾಯಿ ಆಕಳಿಸುತ್ತಾಳೆಯೇ ಎಂದು ಶೃತಿಗೆ ಒಂದು ಕ್ಷಣ ಅನ್ನಿಸಿತು. ಐದು ವರ್ಷದಲ್ಲಿ ಈ ಮನೆಯಲ್ಲಿ ಒಂದು ಪಾತ್ರೆ ಸದ್ದಾದರೂ ಎದ್ದು ಬಂದು ಗದರುತ್ತಿದ್ದ ಅತ್ತೆ ಇವತ್ತು ಯಾರಿಗೂ ಒಂದು ಮಾತೂ ಅನ್ನದೆ ಕೂತಿದ್ದಾರೆ. ಹೆದರಿದ್ದಾರೆ ಎಂದುಕೊಂಡಳು. ಅಷ್ಟರಲ್ಲಿ ಬಸವಕುಮಾರ ನರಳಿದ. ಆ ಯೋಚನೆ ಅಲ್ಲಿಗೇ ನಿಂತಿತು.

ಆಂಬುಲೆನ್ಸ್ ಬಂತು. ಅದರಲ್ಲಿದ್ದ ತುರ್ತು ಚಿಕಿತ್ಸೆಯ ಸಹಾಯಕ ಸೋಮಣ್ಣ ಬಿಳಿಗಿರಿರಂಗನ ಬೆಟ್ಟದ ಕಡೆಯ ಸೋಲಿಗರ ಹುಡುಗ, ಮೂವತ್ತರ ಆಚೀಚೆ. ಇಳಿದವನೇ ಜನರನ್ನು ಸರಿಸಿ ಶೃತಿಯ ಎದುರು ಕೂತ.

"ಚೆನ್ನಾಗಿ ಇಡ್ಕಂಡಿದ್ದೀರ ಅಕ್ಕ. ನಾ ಯೋಳೋಗಂಟ ಬುಡಬ್ಯಾಡಿ." ಗಾಯದೊಳಕ್ಕೆ ಗಾಜ್ ಬಟ್ಟೆ ತುರುಕಿ, ಮೇಲೆ ದಪ್ಪಗೆ ಇಟ್ಟು, ಎಳೆದೆಳೆದು ಕಟ್ಟು ಸುತ್ತಿದ. ಕಟ್ಟಿನ ಮೇಲೆ ಕೆಂಪು ಮೂಡುವುದೇ ಎಂದು ಕಾದು ನೋಡಿದ. ಮೂಡಲಿಲ್ಲ. ಉಗುರು ಅದುಮಿ ಬಣ್ಣ ನೋಡಿದ. "ನಿಂತದೆ. ಕೈ ಮೇಲಕ್ಕೆ ಎತ್ತಿ ಇಡ್ಕಳ್ಳಿ ಅಣ್ಣ," ಎಂದ.

ಶೃತಿ ಆಗ ಉಸಿರು ಬಿಟ್ಟಳು. ಮರಗಟ್ಟಿದ್ದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡಳು.

ಸೋಮಣ್ಣ ಕೈಗವಸು ಬದಲಿಸುತ್ತ ಸುತ್ತ ನೋಡಿದ. "ಇಲ್ಲಿ ಇನ್ಯಾರಿಗಾದ್ರೂ ಏಟು ಬಿದ್ದದಾ? ಟ್ರೈಲರ್ ಇಂದೆ ಯಾರಾರ ಇದ್ರಾ?"

"ನಮ್ಮತ್ತೆ ಇದ್ರು," ಎಂದಳು ಶೃತಿ. ಹೇಳಿದ ಮೇಲೆಯೇ ಆ ಮಾತಿನ ಅರ್ಥ ಅವಳಿಗೆ ಹೊಳೆದದ್ದು. ಟ್ರೈಲರ್ ಗೋಡೆಗೆ ಗುದ್ದಿದಾಗ ಅದರ ಮತ್ತು ಗೋಡೆಯ ನಡುವೆ ಅತ್ತೆ ಇದ್ದರು.

ಸೋಮಣ್ಣ ಜಗಲಿಗೆ ಹೋಗಿ ಗುರುಬಸಮ್ಮನ ಮಣಿಕಟ್ಟು ಹಿಡಿದು ನಾಡಿ ನೋಡಿದ. ಅವರು ಕೈ ಹಿಂದಕ್ಕೆಳೆದುಕೊಂಡರು.

"ಅವ್ವ, ಎಲ್ಲಿ ತಾಕ್ತು?"

"ಎಲ್ಲೂ ಇಲ್ಲ ಕಣಪ್ಪ. ಬಿದ್ದೆ, ಎದ್ದೆ. ನಡ್ಕಂಡು ಬಂದಿವ್ನಿ ನೋಡು."

"ಚಕ್ರ ಮೇಲೆ ಅತ್ತಿತಾ?"

ಗುರುಬಸಮ್ಮ ಸೀರೆಯ ನೆರಿಗೆಯನ್ನು ತೊಡೆಯ ಮೇಲೆ ಎಳೆದುಕೊಂಡರು. ಆ ಎಳೆದುಕೊಂಡ ಕಡೆ, ನೀಲಿ ಸೀರೆಯ ಮೇಲೆ, ಅಂಗೈಯಗಲದ ಧೂಳಿನ ಪಟ್ಟೆಯನ್ನು ಶೃತಿ ಕಂಡಳು. ಅದರಲ್ಲಿ ಟೈರಿನ ಗೆರೆಗಳಿದ್ದವು.

ಸೋಮಣ್ಣನೂ ಅದನ್ನು ನೋಡಿದ್ದ. ಅವನು ದನಿ ತಗ್ಗಿಸಿ ಹೇಳಿದ: "ಅಕ್ಕ, ನಾ ನೋಡ್ತೀನಿ ಅಂದ್ರೆ ಅವ್ವ ಒಪ್ಪಾಕಿಲ್ಲ. ನೀವು ಒಳೀಕೆ ಕರ್ಕಂಡೋಗಿ ನೋಡ್ಬೇಕು. ಎದ್ದು ನಡುಸ್ಬ್ಯಾಡಿ, ನಾವು ಎತ್ಕಂಡೋಗಿ ಮಲುಗುಸ್ತೀವಿ. ಸೊಂಟ, ತೊಡೆ, ಎರಡೂ ಕಡೆ ಒಂದೇ ಸಮ ಅದಾ, ಬಾವು ಅದಾ, ಚರ್ಮ ಎಂಗದೆ, ಅಷ್ಟು ನೋಡಿ."

ಗುರುಬಸಮ್ಮನನ್ನು ಒಂದು ಚಾಪೆಗೆ ಸರಿಸಿ, ಅದರ ಸಮೇತ ಎತ್ತಿ ನಡುಮನೆಯಲ್ಲಿ ಮಲಗಿಸಿ ಗಂಡಸರು ಹೊರಗೆ ಹೋದರು. ಶೃತಿ ಬಾಗಿಲು ಮುಂದಕ್ಕೆ ಮಾಡಿದಳು.

"ಏನೂ ನೋಡೋದ್ ಬ್ಯಾಡ. ಓಗು, ನಿನ್ ಗಂಡನ್ ಜೊತೆ ಓಗು," ಎಂದರು ಗುರುಬಸಮ್ಮ.

"ಬೈಯೋದಿದ್ರೆ ಆಮೇಲ್ ಬೋಯ್ರಿ ಅತ್ತೆ," ಎಂದು ಶೃತಿ ಸೀರೆ ಸರಿಸಿದಳು.

ಗಾಯ ಇರಲಿಲ್ಲ. ರಕ್ತ ಒಂದು ತೊಟ್ಟೂ ಇರಲಿಲ್ಲ. ಬಲ ಸೊಂಟದ ಮೂಳೆಯಿಂದ ತೊಡೆಯ ಹೊರಬದಿಯ ಅರ್ಧದವರೆಗೆ ಸ್ವಲ್ಪ ತರಚಿದ ಹಾಗೆ ಕಾಣುತ್ತಿತ್ತು, ಅಷ್ಟೆ. ಅಬ್ಬಾ, ಏನೂ ಇಲ್ಲ ಎಂದುಕೊಂಡೇ ಅವಳು ಅಂಗೈ ಇಟ್ಟಳು. ಇಟ್ಟ ಕೈಯನ್ನು ಹಾಗೇ ಹಿಂದಕ್ಕೆಳೆದುಕೊಂಡಳು. ಚರ್ಮ ಕೈಯ ಕೆಳಗೆ ಜಾರಿತ್ತು. ಒಳಗಿನ ಮಾಂಸಕ್ಕೂ ಅದಕ್ಕೂ ಸಂಬಂಧವೇ ಇಲ್ಲದಂತೆ, ನೀರು ತುಂಬಿದ ಚೀಲದ ಮೇಲೆ ಕೈ ಇಟ್ಟಂತೆ ಒಳಗೆಲ್ಲ ಅಲುಗಾಡಿತು. ಎಡತೊಡೆಗೆ ಹೋಲಿಸಿದರೆ ಬಲಗಡೆಯದು ಆಗಲೇ ದಪ್ಪವಾಗಿತ್ತು. ಅವಳು ಮೆಲ್ಲಗೆ ಚಿವುಟಿದಳು.

"ನೋಯ್ತದಾ ಅತ್ತೆ?"

"ಎಲ್ಲಿ?" ಎಂದರು ಗುರುಬಸಮ್ಮ.

ಶೃತಿ ಮತ್ತೆ ಚಿವುಟಿದಳು. ಅವರಿಗೆ ಗೊತ್ತೇ ಆಗಲಿಲ್ಲ.

ಹೊರಗೆ ಬಂದು ಅವಳು ಹೇಳಿದ್ದನ್ನು ಸೋಮಣ್ಣ ಕತ್ತು ಬಗ್ಗಿಸಿ ಕೇಳಿಸಿಕೊಂಡ. "ಚಕ್ರ ಅತ್ತಿ ಎಳ್ದಾಗ ಚರ್ಮ ಒಳಗಿಂದ ಬುಟ್ಕಂಡದೆ ಅನ್ಸುತ್ತೆ. ಮೇಲೆ ಅರೀದಿದ್ರೂ ಒಳಗೆ ರಕ್ತ ತುಂಬ್ಕತದೆ. ಸೊಂಟದ ಮೂಳೆ ಮುರ್ದಿದ್ರೆ ಅಲ್ಲೂ ಸೋರ್ತಿರ್ತದೆ." ಅವನು ಒಳಗೆ ಹೋಗಿ ಬಿಪಿ ನೋಡಿದ. ನೂರಹತ್ತು ಎಂದು ಬಂತು.

"ಬಿಪಿ ಸರಿಯಾಗೇ ಅದಲ್ಲಪ್ಪ," ಎಂದರು ಬಾಗಿಲಲ್ಲಿ ನಿಂತಿದ್ದ ಕೆಂಪನಂಜಪ್ಪ.

"ಅವ್ವ ಬಿಪಿ ಮಾತ್ರೆ ತಕತಾರಾ?" ಎಂದು ಕೇಳಿದ ಸೋಮಣ್ಣ.

"ತಕತಾರೆ," ಎಂದಳು ಶೃತಿ. "ಮಾತ್ರೆ ತಕಂಡ್ರೂ ಯಾವಾಗ್ಲೂ ನೂರೈವತ್ತರ ಮೇಲೇ ಇರ್ತದೆ. ಆಶಾ ಕಾರ್ಯಕರ್ತೆ ಅಕ್ಕ ಬಂದಾಗೆಲ್ಲ ಜಾಸ್ತಿ ಅಂತಾನೇ ಯೋಳ್ತಾರೆ."

"ಅಂಗಾದ್ರೆ ಇದು ಸರಿಯಾಗಿರೋದಲ್ಲ ಯಜಮಾನ್ರೆ. ಇಳೀತಾ ಅದೆ. ನಾಡಿ ಬೇರೆ ಓಡ್ತಾ ಅದೆ." ಅವನು ಡ್ರೈವರನ್ನು ಕೂಗಿದ. "ಸ್ಟ್ರೆಚರ್ ಒಳೀಕ್ ತಕಂಡ್ ಬಾ. ಅವ್ವನ್ನ ಮಲುಗುಸ್ಕಂಡು ಓಗ್ಬೇಕು. ಅಣ್ಣ ಪಕ್ಕದ್ ಸೀಟಲ್ಲಿ ಕುಂತ್ಕಳ್ಳಿ."

ಕೆಂಪನಂಜಪ್ಪ ಬಾಗಿಲಿಗೆ ಅಡ್ಡ ನಿಂತರು. ಅವರು ಕೆಟ್ಟವರಲ್ಲ. ಆದರೆ ಅವರ ಪಂಚೆಯ ತುಂಬ ಮಗನ ರಕ್ತ ಇತ್ತು. "ಏನ್ ಮಾತಾಡ್ತಿದ್ದೀಯಪ್ಪ ನೀನು. ಮಗ ಇಷ್ಟು ರಕ್ತ ಸುರ್ಸವ್ನೆ. ಅವುನ್ನ ಕೂರ್ಸಿ, ನಡ್ಕಂಡ್ ಬಂದೋಳ್ನ ಮಲುಗ್ಸು ಅಂತೀಯಲ್ಲ. ಅವ್ಳು ಬಸ್ಸಲ್ಲಿ ಬತ್ತಾಳೆ ನನ್ ಜೊತೆ."

"ಊಂ ಕಣಪ್ಪ, ಅವುನ್ನೇ ಮಲುಗುಸ್ಕಂಡೋಗಿ," ಎಂದು ಒಳಗಿಂದ ಗುರುಬಸಮ್ಮನ ದನಿಯೂ ಬಂತು. ಅದು ಆಗಲೇ ಸೊರಗಿತ್ತು.

ಸೋಮಣ್ಣ ಹಿರಿಯರ ಮುಖ ನೋಡಿದ, ಆಮೇಲೆ ಶೃತಿಯ ಮುಖ ನೋಡಿದ. ಊರಿನ ಅರ್ಧ ಜನ ಅಂಗಳದಲ್ಲಿದ್ದರು. ಮಾವನ ಮಾತಿಗೆ ಎದುರಾಡಿ ಅವಳಿಗೆ ಅಭ್ಯಾಸವಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ತಾನು ಮುಟ್ಟಿ ನೋಡಿದ್ದು ನಿಜವೋ ಭ್ರಮೆಯೋ ಎಂಬ ಅನುಮಾನ ಅವಳನ್ನೇ ತಿನ್ನುತ್ತಿತ್ತು. ದಾರಿಯಲ್ಲಿ ಗಂಡನ ಕಟ್ಟು ಬಿಚ್ಚಿಕೊಂಡು ಮತ್ತೆ ರಕ್ತ ಚಿಮ್ಮಿದರೆ? ಗಂಡನನ್ನು ಕೂರಿಸಿ ಸಾಯಿಸಿದವಳು ಎಂದು ಜನ್ಮವಿಡೀ ಅನ್ನಿಸಿಕೊಳ್ಳಬೇಕಲ್ಲ. ಅವಳು ಬಸವಕುಮಾರನ ಕಡೆ ನೋಡಿದಳು. ಅವನ ಕಟ್ಟು ಬೆಳ್ಳಗೇ ಇತ್ತು. ಅವನು ನೋವಿನಲ್ಲಿದ್ದ, ಆದರೆ ಮಾತು ಕೇಳಿಸಿಕೊಳ್ಳುತ್ತಿದ್ದ, ಕಣ್ಣು ಚುರುಕಾಗಿತ್ತು. ಅತ್ತೆಯ ಕಣ್ಣು ಹಾಗಿರಲಿಲ್ಲ.

"ಅತ್ತೆನೇ ಮಲುಗ್ಸಿ," ಎಂದಳು.

"ಶೃತಿ," ಎಂದರು ಮಾವ.

"ನಾನು ಮುಟ್ಟಿ ನೋಡಿವ್ನಿ ಮಾವ. ಒಳೀಕೆ ಸರಿ ಇಲ್ಲ. ಇವ್ರಿಗಾಗಿರೋದು ನಮ್ಗೆಲ್ಲ ಕಾಣ್ತದೆ, ನಿಂತದೆ. ಅತ್ತೆಗಾಗಿರೋದು ಕಾಣ್ತಿಲ್ಲ, ನಿಂತದೋ ಇಲ್ವೋ ಗೊತ್ತಿಲ್ಲ."

ಬಸವಕುಮಾರ ಗೋಡೆ ಹಿಡಿದು ಎದ್ದ. "ನಾ ಕುಂತ್ಕತೀನಿ ಕಣಪ್ಪ. ಅವ್ವನ್ನ ಮಲುಗ್ಸಲಿ, ಬುಡು," ಎಂದ. ಕೆಂಪನಂಜಪ್ಪ ಪಕ್ಕಕ್ಕೆ ಸರಿದರು.

ಸೊಂಟದ ಮೂಳೆ ಅಲುಗದಿರಲಿ ಎಂದು ಸೋಮಣ್ಣ ಹೊದಿಕೆಯೊಂದನ್ನು ಉದ್ದಕ್ಕೆ ಮಡಿಸಿ ಗುರುಬಸಮ್ಮನ ಕೆಳಗೆ ತೂರಿಸಿದ. ಸೊಂಟಕ್ಕಲ್ಲ, ಅದಕ್ಕೂ ಕೆಳಗೆ, ತೊಡೆಯ ಮೂಳೆ ಉಬ್ಬಿ ಕಾಣುವ ಕಡೆ ಅದನ್ನು ಸುತ್ತಿ ಬಿಗಿಯಾಗಿ ಎಳೆದು ಗಂಟು ಹಾಕಿದ. ಮೊಣಕಾಲುಗಳನ್ನು ಜೋಡಿಸಿ ಕಟ್ಟಿದ. ಗುರುಬಸಮ್ಮ ಕಣ್ಣು ಮುಚ್ಚಿ ಮುಖ ಗೋಡೆಗೆ ತಿರುಗಿಸಿಕೊಂಡರು. ಕಣ್ಣಂಚಿನಲ್ಲಿ ನೀರಿತ್ತು. ಅದು ನೋವಿನದಲ್ಲ ಎಂದು ಶೃತಿಗೆ ಗೊತ್ತಾಯಿತು. ಅವಳು ತನ್ನ ಸೆರಗನ್ನೇ ಅವರ ಮೇಲೆ ಹಿಡಿದು ನಿಂತಳು.

ಹನೂರು ದಾಟಿ ಕೊಳ್ಳೇಗಾಲದ ರಸ್ತೆಗೆ ಬೀಳುವಷ್ಟರಲ್ಲಿ ಗುರುಬಸಮ್ಮನ ಕೈಗೆ ಸೂಜಿ ಚುಚ್ಚಿ ಆಗಿತ್ತು, ಮೂಗಿಗೆ ಆಕ್ಸಿಜನ್ ಹಾಕಿ ಆಗಿತ್ತು. ಸೋಮಣ್ಣ ಮೊಬೈಲಿನಲ್ಲಿ ಕೊಳ್ಳೇಗಾಲದ ಆಸ್ಪತ್ರೆಗೆ ಹೇಳುತ್ತಿದ್ದ: ಹೆಂಗಸು, ಐವತ್ತೆಂಟು, ಟ್ರೈಲರ್ ಚಕ್ರ ಹತ್ತಿದೆ, ಒಳಗೆ ರಕ್ತ ಹೋಗುತ್ತಿರಬಹುದು, ರಕ್ತ ಸಿದ್ಧವಿರಲಿ. ಪಕ್ಕದ ಸೀಟಿನಲ್ಲಿ ಬಸವಕುಮಾರ ಕೈ ಎತ್ತಿ ಹಿಡಿದು ತಾಯಿಯನ್ನೇ ನೋಡುತ್ತಿದ್ದ.

"ನೀರು," ಎಂದರು ಗುರುಬಸಮ್ಮ.

"ಈಗ ಕೊಡಂಗಿಲ್ಲ ಅವ್ವ. ಆಪರೇಷನ್ ಆಗ್ಬೇಕಾದ್ರೆ ತೊಂದ್ರೆ ಆಯ್ತದೆ," ಎಂದ ಸೋಮಣ್ಣ. ಶೃತಿ ಬೆರಳು ಒದ್ದೆ ಮಾಡಿಕೊಂಡು ಅವರ ತುಟಿಗೆ ಸವರಿದಳು. ತುಟಿ ಬಿಳಿಚಿಕೊಂಡಿತ್ತು.

ಕಾಮಗೆರೆಯ ಹತ್ತಿರ ರಸ್ತೆಯ ಮೇಲೆ ಹುರುಳಿ ಒಕ್ಕಲು ಹರಡಿದ್ದರು. ಡ್ರೈವರ್ ಹಾರನ್ ಒತ್ತಿದ್ದು ಒತ್ತಿದ ಹಾಗೇ ಇತ್ತು. ಪ್ರತಿ ಕುಲುಕಿಗೂ ಶೃತಿ ಅತ್ತೆಯ ಸೊಂಟದ ಕಟ್ಟಿನ ಮೇಲೆ ಕೈ ಇಡುತ್ತಿದ್ದಳು, ಅದರಿಂದ ಏನಾಗುತ್ತದೆ ಎಂದು ಗೊತ್ತಿಲ್ಲದೆಯೇ. ಅತ್ತೆಯ ಕೈ ತಣ್ಣಗಿತ್ತು. ಮಾತಾಡಿಸುತ್ತಿರಿ ಎಂದು ಸೋಮಣ್ಣ ಹೇಳಿದ್ದರಿಂದ ಮಾತಾಡಿಸುತ್ತಿದ್ದಳು.

"ಅತ್ತೆ, ನಾನ್ಯಾರು?"

ಗುರುಬಸಮ್ಮ ಅವಳನ್ನು ಬಹಳ ಹೊತ್ತು ನೋಡಿದರು. "ಕಾಳು ಒಳೀಕ್ ಆಕ್ರವ್ವ. ಮಳೆ ಬತ್ತದೆ," ಎಂದರು. ಆಮೇಲೆ ಕಣ್ಣು ಮುಚ್ಚಿದರು.

"ಅವ್ವ," ಎಂದು ಬಸವಕುಮಾರ ಎದ್ದುಬಿಟ್ಟ. ಸೋಮಣ್ಣ ಒಂದು ಕೈಯಲ್ಲಿ ಅವನನ್ನು ಕೂರಿಸಿ ಇನ್ನೊಂದು ಕೈಯಲ್ಲಿ ಬಿಪಿ ನೋಡಿದ. ಎಂಬತ್ತು. ಅವನು ಅದನ್ನು ಹೇಳಲಿಲ್ಲ, ಆದರೆ ಶೃತಿ ಯಂತ್ರದ ಮೇಲೆ ಓದಿಕೊಂಡಳು. ಕಂಬಳಿಯನ್ನು ಅತ್ತೆಯ ಕುತ್ತಿಗೆಯವರೆಗೆ ಎಳೆದು ಸುತ್ತಿದಳು. ಹೊರಗೆ ಬಿಸಿಲು ಸುಡುತ್ತಿತ್ತು. ಒಳಗೆ ಅತ್ತೆಯ ಹಲ್ಲು ಚಳಿಗೆ ಕಟಕಟ ಎನ್ನುತ್ತಿತ್ತು. ಮಧುವನಹಳ್ಳಿ ದಾಟಿತೇ ಎಂದು ಕಿಟಕಿಯಲ್ಲಿ ನೋಡಿದಳು. ಇನ್ನೂ ದಾಟಿರಲಿಲ್ಲ. ಆ ರಸ್ತೆಯಲ್ಲಿ ಅವಳು ತವರಿಗೆ ಎಷ್ಟೋ ಸಲ ಓಡಾಡಿದ್ದಳು. ಅದು ಅಷ್ಟು ಉದ್ದ ಇದೆ ಎಂದು ಯಾವತ್ತೂ ಅನ್ನಿಸಿರಲಿಲ್ಲ.

ಕೊಳ್ಳೇಗಾಲದಲ್ಲಿ ಡಾಕ್ಟರ್ ಮಾಲಿನಿ ಆಸ್ಪತ್ರೆಯ ಬಾಗಿಲಲ್ಲೇ ಕಾಯುತ್ತಿದ್ದರು. ಸೋಮಣ್ಣ ಹೇಳುವುದನ್ನು ಕೇಳಿಕೊಳ್ಳುತ್ತಲೇ ಸ್ಟ್ರೆಚರಿನ ಜೊತೆ ನಡೆದರು. ಪರದೆ ಎಳೆದು, ಸೊಂಟದ ಕಟ್ಟು ಬಿಚ್ಚದೆಯೇ ಪರೀಕ್ಷಿಸಿದರು. ಹೊಟ್ಟೆಯ ಮೇಲೆ ಸ್ಕ್ಯಾನಿಂಗ್ ಯಂತ್ರ ಇಟ್ಟು ನೋಡಿದರು. ಎಕ್ಸ್‌ರೇ ಆಯಿತು. ಮೊದಲ ಬಾಟಲಿ ರಕ್ತ ಹತ್ತತೊಡಗಿದ ಮೇಲೆ ಹೊರಗೆ ಬಂದು ಶೃತಿಯನ್ನು ಪಕ್ಕಕ್ಕೆ ಕರೆದರು.

"ಸೊಂಟದ ಮೂಳೆ ಎರಡು ಕಡೆ ಬಿರುಕು ಬಿಟ್ಟಿದೆ. ಹೊಟ್ಟೆಯೊಳಗೆ ಸದ್ಯಕ್ಕೆ ರಕ್ತ ಕಾಣ್ತಿಲ್ಲ. ಆದ್ರೆ ಸೊಂಟದ ಸುತ್ತ, ತೊಡೆಯ ಚರ್ಮದ ಕೆಳಗೆ ತುಂಬಾ ರಕ್ತ ಸೇರಿದೆ. ಅಲ್ಲಿ ಲೀಟರ್‌ಗಟ್ಟಲೆ ಸೇರಿದ್ರೂ ಹೊರಗೆ ಗೊತ್ತಾಗಲ್ಲಮ್ಮ. ರಕ್ತ ಕೊಟ್ಟು ಸ್ವಲ್ಪ ಸುಧಾರಿಸಿದ ತಕ್ಷಣ ಮೈಸೂರಿಗೆ ಕಳಿಸ್ತೀನಿ. ಅಲ್ಲಿ ಒಳಗೆ ಸೋರ್ತಿರೋ ರಕ್ತನಾಳ ಮುಚ್ಚೋಕೆ ವ್ಯವಸ್ಥೆ ಇದೆ."

"ಬದುಕ್ತಾರಾ ಮೇಡಂ?"

ಮಾಲಿನಿ ಒಮ್ಮೆ ಪರದೆಯ ಕಡೆ ತಿರುಗಿ ನೋಡಿದರು. "ಈಗ ಬಂದಿರೋದ್ರಿಂದ ಅವಕಾಶ ಇದೆ. ಬಸ್ಸಲ್ಲಿ ಕರ್ಕೊಂಡು ಬಂದಿದ್ರೆ ನಾನು ಹಾಗೆ ಹೇಳ್ತಿರ್ಲಿಲ್ಲ," ಎಂದರು.

ಬಸ್ಸಿನ ಮಾತು ಆಗಷ್ಟೇ ಬಂದಿಳಿದ ಕೆಂಪನಂಜಪ್ಪನವರ ಕಿವಿಗೂ ಬಿತ್ತು. ಅವರು ಕಾರಿಡಾರಿನ ಬೆಂಚಿನ ಮೇಲೆ ಕೂತು ಟವೆಲ್ಲಿನಿಂದ ಮುಖ ಮುಚ್ಚಿಕೊಂಡರು.

ಬಸವಕುಮಾರನ ಕೈಯ ನರ ಜೋಡಿಸಬೇಕೆಂದು ಅವನನ್ನು ಒಳಗೆ ಕರೆದುಕೊಂಡರು. ಅಷ್ಟರಲ್ಲಿ ಮೈಸೂರಿನ ಗಾಡಿ ಹೊರಟು ನಿಂತಿತು. ಶೃತಿ ಆಪರೇಷನ್ ಕೋಣೆಯ ಬಾಗಿಲಿನ ಹತ್ತಿರ ಹೋಗಿ ಬರುವಷ್ಟೂ ಸಮಯವಿರಲಿಲ್ಲ. "ನಾ ಇವನ್ ತಾವಿರ್ತೀನಿ, ನೀ ಅವ್ಳ ಜೊತೆ ಓಗವ್ವ," ಎಂದರು ಮಾವ. ಅವಳು ರಕ್ತ ಒಣಗಿ ರಟ್ಟಿನಂತಾಗಿದ್ದ ಸೀರೆಯಲ್ಲೇ ಗಾಡಿ ಹತ್ತಿದಳು. ಹೊರಡುವ ಮುನ್ನ ಸೋಮಣ್ಣ ಬಂದು ಹಿಂಬಾಗಿಲು ಭದ್ರವಾಗಿದೆಯೇ ಎಂದು ನೋಡಿ ಹೋದ. ಅವನಿಗೆ ರಾಮಾಪುರದ ಕಡೆಯಿಂದ ಇನ್ನೊಂದು ಕರೆ ಬಂದಿತ್ತು.

ಮೈಸೂರಿನಲ್ಲಿ ಸೋರುತ್ತಿದ್ದ ರಕ್ತನಾಳವನ್ನು ಮುಚ್ಚಿದರು. ತೊಡೆಯೊಳಗೆ ಸೇರಿದ್ದ ರಕ್ತವನ್ನು ತೆಗೆದು ಕೊಳವೆ ಇಟ್ಟರು. ಮೊದಲ ಎರಡು ದಿನ ಏನೂ ಹೇಳುವಂತಿಲ್ಲ ಎಂದೇ ಡಾಕ್ಟರುಗಳು ಹೇಳುತ್ತಿದ್ದರು. ಐಸಿಯು ಬಾಗಿಲು ತೆರೆದಾಗಲೆಲ್ಲ ಶೃತಿ ಎದ್ದು ನಿಲ್ಲುತ್ತಿದ್ದಳು. ಮೂರನೆಯ ದಿನ ಗುರುಬಸಮ್ಮ ಕಣ್ಣು ಬಿಟ್ಟು ಮಗ ಹೇಗಿದ್ದಾನೆ ಎಂದು ನರ್ಸನ್ನು ಕೇಳಿದರು.

ವಾರ್ಡಿಗೆ ತಂದ ಮೇಲೆ ಅವರು ಸೊಸೆಯೊಂದಿಗೆ ಮಾತಾಡಲಿಲ್ಲ. ಗಂಜಿ ಕೊಟ್ಟರೆ ಕುಡಿಯುತ್ತಿದ್ದರು, ಮುಖ ನೋಡುತ್ತಿರಲಿಲ್ಲ. ಶೃತಿ ತಾನೇನು ತಪ್ಪು ಮಾಡಿದೆ ಎಂದು ತಲೆ ಕೆಡಿಸಿಕೊಂಡಳು. ಕೊನೆಗೊಂದು ಮಧ್ಯಾಹ್ನ ಅವರೇ ಬಾಯಿಬಿಟ್ಟರು.

"ಊರ್ನೋರೆಲ್ಲ ಅಂಗಳದಲ್ಲಿ ನಿಂತಿದ್ರು. ಆ ಹುಡ್ಗ ನನ್ ಸೊಂಟ ಕಟ್ದ. ಇಲ್ಲಿ ಯಾರ್ಯಾರೋ ಗಂಡಸ್ರು ಬಂದು ನೋಡಿ ಓಯ್ತಾರೆ. ಎಲ್ಲ ನಿನ್ನಿಂದ."

ಶೃತಿಗೆ ಅಳು ಬಂತು. "ಊಂ ಅತ್ತೆ, ನನ್ನಿಂದ್ಲೇ," ಎಂದಳು.

"ಅವತ್ತೇ ಚಕ್ರ ಅತ್ತಿದ್ದು ಗೊತ್ತಿತ್ತು ನಂಗೆ. ಯೋಳಿದ್ರೆ ನೋಡ್ತಾರೆ ಅಂತ ಯೋಳ್ನಿಲ್ಲ." ಗುರುಬಸಮ್ಮ ಕಿಟಕಿಯ ಕಡೆ ತಿರುಗಿದರು. "ಬಿದ್ದೋಳು ಎದ್ದು ನಡದ್ಬುಟ್ಟೆ. ಏನೂ ಆಗಿಲ್ಲ ಅಂತ ನಾನೂ ಅನ್ಕಂಡೆ ಕಣವ್ವ."

ಅದಾದ ಮೇಲೆ ತೊಡೆಯ ಚರ್ಮದ ಒಂದು ಭಾಗ ಕಪ್ಪಾಯಿತು. ರಕ್ತ ಓಡಾಡದೆ ಸತ್ತ ಚರ್ಮ ಎಂದು ಅದನ್ನು ತೆಗೆದು, ಇನ್ನೊಂದು ತೊಡೆಯ ಚರ್ಮ ತಂದು ಕೂರಿಸಿದರು. ಡ್ರೆಸ್ಸಿಂಗ್ ಮಾಡುವಾಗ ಗುರುಬಸಮ್ಮ ಸೊಸೆಯನ್ನು ಹೊರಗೆ ಕಳಿಸಲು ಬಿಡುತ್ತಿರಲಿಲ್ಲ. "ಅವ್ಳು ಇಲ್ಲೇ ಇರ್ಲಿ," ಎಂದು ಅವಳ ಮೊಣಕೈ ಹಿಡಿದುಕೊಳ್ಳುತ್ತಿದ್ದರು. ನೋವು ಹೆಚ್ಚಾದಂತೆ ಹಿಡಿತ ಬಿಗಿಯುತ್ತಿತ್ತು. ಶೃತಿಯ ಕೈಮೇಲೆ ಅವರ ಉಗುರಿನ ಗುರುತುಗಳು ಉಳಿದವು.

ಆಸ್ಪತ್ರೆಯಿಂದ ಬಿಟ್ಟಾಗ ಅವರನ್ನು ಶಾಗ್ಯಕ್ಕೆ ಕರೆದೊಯ್ಯಲಿಲ್ಲ. ಯಳಂದೂರಿನಲ್ಲಿ ಡ್ರೆಸ್ಸಿಂಗ್ ಮಾಡಿಸಲು ಆಟೊದಲ್ಲಿ ಹೋಗಿಬರುವುದು ಸುಲಭ ಎಂದು ಹೊನ್ನೂರಿನಲ್ಲಿದ್ದ ಶೃತಿಯ ತವರಿನಲ್ಲೇ ಇರಿಸಿದರು. ಬೀಗರ ಮನೆಯಲ್ಲಿ ಮಲಗುವುದು ಎಂದರೇನು ಎಂದು ಗುರುಬಸಮ್ಮ ಮೊದಲು ಹಟ ಮಾಡಿದರು. ಶೃತಿಯ ತಾಯಿ ದೊಡ್ಡಬಸಮ್ಮ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

ಒಂದು ಭಾನುವಾರ ಕೆಂಪನಂಜಪ್ಪ ಮಗನ ಜೊತೆ ಬಂದರು. ಬಸವಕುಮಾರನ ಎರಡು ಬೆರಳು ಇನ್ನೂ ಪೂರ್ತಿ ಮಡಚುತ್ತಿರಲಿಲ್ಲ. ದಿನಾ ಸ್ಪಂಜಿನ ಚೆಂಡು ಹಿಸುಕುತ್ತಿದ್ದ. ಕೆಂಪನಂಜಪ್ಪ ಹೆಂಡತಿಯ ಮಂಚದ ಪಕ್ಕ ಕೂತರು.

"ಬಸ್ಸಲ್ಲಿ ಬತ್ತಾಳೆ ಅಂದ್ಬುಟ್ಟೆ ಕಣೆ ನಾನು," ಎಂದರು.

"ನಾನೂ ಅದ್ನೇ ಅಂದೆ. ಇಬ್ರಿಗೂ ತಿಳೀನಿಲ್ಲ," ಎಂದರು ಗುರುಬಸಮ್ಮ. "ಉಣ್ಣೋಗಿ. ಬಿಸಿ ಮುದ್ದೆ ಮಾಡವ್ರೆ."

ಮಾವ ಊಟಕ್ಕೆ ಎದ್ದ ಮೇಲೆ ಗುರುಬಸಮ್ಮ ಮಂಚದಿಂದ ಕಾಲು ಇಳಿಬಿಟ್ಟರು. ಶೃತಿ ವಾಕರ್ ತಂದು ಮುಂದಿಟ್ಟಳು. ಅವರು ಅದನ್ನು ಹಿಡಿದು ಎದ್ದು, ಒಂದೊಂದೇ ಹೆಜ್ಜೆ ಇಡುತ್ತ ಹೊಸ್ತಿಲಿನವರೆಗೆ ನಡೆದರು. ಹಣೆಯ ಮೇಲೆ ಬೆವರು ಮೂಡಿತು. ಶೃತಿ ತಕ್ಷಣ ಅವರ ಮಣಿಕಟ್ಟು ಹಿಡಿದು ನಾಡಿ ನೋಡಿದಳು, ಅಂಗೈ ಮುಟ್ಟಿದಳು. ಬೆಚ್ಚಗಿತ್ತು.

"ಬಿಸ್ಲು ಕಣೆ ಇದು. ಬರೀ ಬಿಸ್ಲು," ಎಂದರು ಗುರುಬಸಮ್ಮ. ಕೈ ಮಾತ್ರ ಬಿಡಿಸಿಕೊಳ್ಳಲಿಲ್ಲ.